ಹಳೇ ಕಾಲದ ನಾಳೆ: ಬೆಂಗಳೂರಲ್ಲಿ ಮನೇಲೇ ಕೂತು ಸಿಂಥ್ ಪಾಪ್ ಹಾಡು ಮಾಡೋದು ಹೆಂಗೆ

ಜರ್ಮನಿಯ ಡಸೆಲ್‌ಡಾರ್ಫ್ ಅನ್ನೋ ಊರಿನ ಕ್ರಾಫ್ಟ್‌ವರ್ಕ್ ತಂಡದವರು 1974ರಲ್ಲಿ ಸಿಂಥಸೈಜರ್ (ಸರ್ಕ್ಯೂಟಿಂದಲೇ ಸೌಂಡ್ ಹುಟ್ಟಿಸೋ ಮೆಷಿನ್ನು, ಚಿಕ್ಕದಾಗಿ ಸಿಂಥ್) ಇಟ್ಕೊಂಡು ಹೈವೇ ಮೇಲೆ ಕಾರಲ್ಲಿ ಹೋಗೋದರ ಬಗ್ಗೆನೇ 22 ನಿಮಿಷದ ಹಾಡು ಕಟ್ಟಿ 'ಆಟೋಬಾನ್' ಅಂತ ಆಲ್ಬಂ ಬಿಟ್ರು. ಹೆಚ್ಚುಕಮ್ಮಿ ಅದೇ ಟೈಮಲ್ಲಿ ನಮ್ಮ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳೊಳಗೆ ಒಂದಷ್ಟು ಜನ ಕೂತು ಆರ್ಯಭಟ ಉಪಗ್ರಹ ಕಟ್ತಾ ಇದ್ರು, 1975ರ ಏಪ್ರಿಲ್ 19ಕ್ಕೆ ಅದು ಸೋವಿಯತ್ ರಾಕೆಟ್ ಹತ್ಕೊಂಡು ಮೇಲಕ್ಕೆ ಹೋಯ್ತು. ಇವತ್ತು ಹಸಿರು ಲೈನ್ ಮೆಟ್ರೋದಲ್ಲಿ ಪೀಣ್ಯ ದಾಟೋವಾಗೆಲ್ಲ ನಂಗೆ ಇದೇ ನೆನಪಾಗೋದು, ಅವರ ಹೈವೇಗೆ ಹಾಡು ಸಿಕ್ತು, ನಮ್ಮ ಶೆಡ್ಡಿಗೆ ಸಿಗ್ಲಿಲ್ಲ.

ಇದನ್ನ ಯಾಕ್ ಹೇಳ್ತಿದೀನಿ ಅಂದ್ರೆ, ಹಳೇ ಸಿಂಥ್ ಸೌಂಡಲ್ಲಿ ಹಾಡು ಮಾಡ್ಬೇಕು ಅಂತ ಶುರು ಮಾಡೋರು ಮೊದಲನೇ ದಿನವೇ ಗುಲಾಬಿ ಬಣ್ಣದ ಸೂರ್ಯ, ತಾಳೆ ಮರ, ಮಯಾಮಿ ಬೀಚು, ಕೆಂಪು ಸ್ಪೋರ್ಟ್ಸ್ ಕಾರು ಇಟ್ಕೊಂಡು ಕೂತ್ಬಿಡ್ತಾರೆ. ಮಯಾಮಿ ನೋಡಿದೀರಾ ಗುರು? ನಾನಂತೂ ನೋಡಿಲ್ಲ, ನಾನು ನೋಡಿರೋದು ಗೊರಗುಂಟೆಪಾಳ್ಯ. 60-70ರ ದಶಕದ ಜನ ನಾಳೆ ಹೆಂಗಿರುತ್ತೆ ಅಂತ ಕಟ್ಕೊಂಡಿದ್ದ ಕನಸು ನಮ್ಮೂರಲ್ಲೇ ಬೇಕಾದಷ್ಟು ಬಿದ್ದಿದೆ, ಅಜ್ಜನ ಕೈಯಲ್ಲಿದ್ದ ಎಚ್‌ಎಂಟಿ ವಾಚು, ಐಟಿಐನಲ್ಲಿ ತಯಾರಾದ ಡಯಲ್ ತಿರುಗಿಸೋ ಫೋನು, ಬಿಇಎಲ್ ಕಾಲೋನಿ, ಎಚ್‌ಎಎಲ್ ಏರ್‌ಪೋರ್ಟು, ಎಲ್ಲಾ ಅದೇ ಕನಸಿನ ಸಾಮಾನುಗಳು. ಮೊದಲು ಇದರಲ್ಲಿ ಯಾವುದಾದ್ರೂ ಒಂದನ್ನ ಆರಿಸ್ಕೊಳಿ, ಒಂದೇ ಒಂದು. ನಿಮ್ಮ ಹಾಡು ಅದರ ಬಗ್ಗೆ. ನಾನು ಈ ಬರಹಕ್ಕೆ ಸಿಗ್ನಲ್ ಲೈಟ್ ಇಟ್ಕೊಂಡಿದೀನಿ, ಯಾಕಂದ್ರೆ ನನ್ನ ಆಯಸ್ಸಿನ ಅರ್ಧ ಅಲ್ಲೇ ಕಳೆದಿದೆ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ಹಳೇ ದೊಡ್ಡೋರಿಗೆ ನಮಸ್ಕಾರ ಹಾಕೋ ಥರ ಹಾಡು ಮಾಡೋದು ಅಂದ್ರೆ ಅವರ ಸೌಂಡಿನ ಪ್ರೀಸೆಟ್ (ಯಾರೋ ಮೊದಲೇ ಸೆಟ್ ಮಾಡಿಟ್ಟ ಸೌಂಡು) ಡೌನ್‌ಲೋಡ್ ಮಾಡೋದು ಅಂತ ಸುಮಾರು ಜನ ಅಂದ್ಕೊಂಡಿದಾರೆ. ನಾನೂ ಎರಡು ವರ್ಷ ಹಂಗೇ ಮಾಡ್ದೆ, 400 ಪ್ರೀಸೆಟ್ ಕಲೆಹಾಕಿದ್ದೆ, ಹಾಡು ಸೊನ್ನೆ. ಆಮೇಲೆ ಅವರು ಕೆಲಸ ಮಾಡ್ತಿದ್ದ ರೀತಿನ ಒಂದೊಂದಾಗಿ ಕದಿಯೋಕೆ ಶುರು ಮಾಡಿದ್ಮೇಲೇನೆ ಹಾಡು ಮುಗಿಯೋಕೆ ಶುರುವಾಗಿದ್ದು. ಅದಕ್ಕೇ ಕೆಳಗೆ ಒಂದೊಂದು ಹೆಜ್ಜೆಗೂ ಒಬ್ಬೊಬ್ಬರ ಹೆಸರು ಅಂಟ್ಕೊಂಡಿದೆ.

ಸಾಮಾನು ಏನೇನ್ ಬೇಕು

ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆ ವೈರ್ ಇರೋ ಹೆಡ್‌ಫೋನ್ (ಬ್ಲೂಟೂತ್ ಬೇಡ, ಕೀ ಒತ್ತಿದ ಎಷ್ಟೋ ಹೊತ್ತಿಗೆ ಸೌಂಡ್ ಬರುತ್ತೆ, ತಲೆ ಕೆಟ್ಟೋಗುತ್ತೆ), ಆದ್ರೆ ಲ್ಯಾಪ್‌ಟಾಪಿಗೆ ಚುಚ್ಚಿ ಸ್ವರ ಒತ್ತೋ ಒಂದು ಸಣ್ಣ 25 ಕೀ ಮಿಡಿ ಕೀಬೋರ್ಡು. ಅಷ್ಟೇ. ಸಾಫ್ಟ್‌ವೇರಿಗೆ ಶುರುವಲ್ಲೇ ದುಡ್ಡು ಕೊಡೋ ಅವಶ್ಯಕತೆ ಇಲ್ಲ. ರೆಕಾರ್ಡ್ ಮಾಡೋಕೆ ಮ್ಯಾಕ್ ಇದ್ರೆ ಗ್ಯಾರೇಜ್‌ಬ್ಯಾಂಡ್ ಇದೆ, ಇಲ್ಲಾಂದ್ರೆ ರೀಪರ್ ಹಾಕ್ಕೊಳಿ, 60 ದಿನ ಟ್ರಯಲ್ ಇರುತ್ತೆ, ಆಮೇಲೆ ಲೈಸೆನ್ಸ್ ತಗೋಬೇಕು. ಸಿಂಥಿಗೆ ಸರ್ಜ್ ಎಕ್ಸ್‌ಟಿ ಸಾಕು, ಓಪನ್ ಸೋರ್ಸ್, ಪೂರ್ತಿ ಫ್ರೀ. 80ರ ದಶಕದ ಸಿನಿಮಾ ಹಾಡಿನ ಗಾಜು ಗಾಜಾದ ಎಲೆಕ್ಟ್ರಿಕ್ ಪಿಯಾನೋ ಸೌಂಡ್ ಬೇಕು ಅಂದ್ರೆ ಡೆಕ್ಸೆಡ್, ಅದು 1983ರ ಯಮಹಾ ಡಿಎಕ್ಸ್7 ಮಾಡ್ತಿದ್ದ ಎಫ್‌ಎಂ ಸಿಂಥೆಸಿಸ್ಸನ್ನೇ (ಒಂದು ಅಲೆಯಿಂದ ಇನ್ನೊಂದು ಅಲೆನ ಅಲುಗಿಸಿ ಸೌಂಡ್ ಹುಟ್ಟಿಸೋದು) ಮಾಡುತ್ತೆ, ಅದೂ ಫ್ರೀ.

ಹಾರ್ಡ್‌ವೇರ್ ಬೇಕೇ ಬೇಕು ಅನ್ನೋರಿಗೆ ಒಂದೇ ಬುದ್ಧಿಮಾತು. ಸೆಕೆಂಡ್ ಹ್ಯಾಂಡ್ ತಗೊಳೋಕೆ ಹೋದ್ರೆ ಒಂದೊಂದು ಕೀನೂ ಒತ್ತಿ ನೋಡಿ, ಒಂದೊಂದು ನಾಬೂ ತಿರುಗಿಸಿ ಕರಕರ ಅಂತಿದೆಯಾ ಕೇಳಿ, ಅಡಾಪ್ಟರ್ ಒರಿಜಿನಲ್ಲಾ ಕೇಳಿ. ನಾನು ಒಂದು ಹಳೇ ಕೀಬೋರ್ಡ್ ತಂದು, ಮನೇಲಿ ಬಿದ್ದಿದ್ದ ಯಾವುದೋ 9 ವೋಲ್ಟ್ ಅಡಾಪ್ಟರ್ ಚುಚ್ಚಿದೆ, ವೋಲ್ಟೇಜ್ ಸರಿ ಇತ್ತು ಆದ್ರೆ ಪಿನ್ನಿನ ಪ್ಲಸ್ ಮೈನಸ್ ಉಲ್ಟಾ ಇತ್ತು, 'ಪುಸ್' ಅಂತು, ಸಣ್ಣಗೆ ಹೊಗೆ ಬಂತು, ಅಷ್ಟೇ ಕಥೆ. ಅಡಾಪ್ಟರ್ ಮೇಲೆ ಸಣ್ಣ ವೃತ್ತದ ಚಿತ್ರ ಇರುತ್ತೆ, ನಡುವಿನ ಚುಕ್ಕಿಗೆ ಪ್ಲಸ್ಸಾ ಮೈನಸ್ಸಾ ಅಂತ ತೋರಿಸುತ್ತೆ, ಅದನ್ನೂ ಕೀಬೋರ್ಡ್ ಹಿಂದಿರೋ ಚಿತ್ರಾನೂ ತಾಳೆ ನೋಡಿ ಆಮೇಲೆ ಚುಚ್ಚಿ. ಕೇಬಲ್ಲು, ಜ್ಯಾಕು, ಸ್ವಿಚ್ಚು ಇವೆಲ್ಲ ಎಸ್‌ಪಿ ರೋಡಲ್ಲಿ ಸಿಗುತ್ತೆ, ಆನ್‌ಲೈನಲ್ಲಿ ತರಿಸೋ ಬದಲು ಅಲ್ಲಿಗೇ ಹೋಗಿ, ಬರ್ತಾ ಬಳೇಪೇಟೆ ಕಡೆಯಿಂದ ಬನ್ನಿ, ವೀಣೆ ಮೃದಂಗದ ಅಂಗಡಿಗಳ ಮುಂದೆ ಸುಮ್ನೆ ನಿಂತ್ಕೊಂಡು ನೋಡೋದೇ ಒಂದು ಖುಷಿ.

ಬೇಸ್: ಇಲ್ಲಿಂದಲೇ ಶುರು ಮಾಡಿ

ಸುಮಾರು ಜನ ಟ್ಯೂನಿಂದ ಶುರು ಮಾಡ್ತಾರೆ, ಈ ಜಾತಿ ಹಾಡಿಗೆ ಬೇಸಿಂದ ಶುರು ಮಾಡಿದ್ರೇನೆ ಇಂಜಿನ್ ಸ್ಟಾರ್ಟ್ ಆಗೋದು ಅನ್ನೋದು ನನ್ನ ಅಭಿಪ್ರಾಯ.

ಸಿಂಥ್ ಮಾಡ್ತಿದ್ದ ರಾಬರ್ಟ್ ಮೂಗ್ ಅವರ ಕಂಪನಿ 1970ರಲ್ಲಿ ತಂದ ಮಿನಿಮೂಗ್ ಅನ್ನೋ ಸಿಂಥಲ್ಲಿ ಇದ್ದಿದ್ದು ಮೂರು ಆಸಿಲೇಟರು (ಸೌಂಡ್ ಹುಟ್ಟಿಸೋದು), ಒಂದು ಫಿಲ್ಟರು (ಅದರಲ್ಲಿ ಬೇಡದ್ದನ್ನ ಸೋಸೋದು), ಒಂದು ಸಲಕ್ಕೆ ಒಂದೇ ಸ್ವರ. ನಾವೂ ಅಷ್ಟರಲ್ಲೇ ಇರೋಣ. ಸರ್ಜ್ ತೆಗೆದು 'ಇನಿಟ್' ಪ್ಯಾಚ್‌ಗೆ ಹೋಗಿ, ಅಂದ್ರೆ ಏನೂ ಇಲ್ಲದ ಖಾಲಿ ಹಲಗೆ. ಎರಡು ಆಸಿಲೇಟರ್ ಆನ್ ಮಾಡಿ, ಎರಡಕ್ಕೂ ಸಾ ವೇವ್ ಕೊಡಿ, ಗರಗಸದ ಹಲ್ಲಿನ ಥರ ಕಾಣುತ್ತಲ್ಲ ಅದು. ಎರಡನೇದನ್ನ 6-7 ಸೆಂಟ್ಸ್ ಮೇಲಕ್ಕೆ ತಳ್ಳಿ. ಸೆಂಟ್ಸ್ ಅಂದ್ರೆ ಒಂದು ಕೀಗೂ ಪಕ್ಕದ ಕೀಗೂ ಮಧ್ಯ ಇರೋ ಜಾಗದ ನೂರನೇ ಒಂದು ಭಾಗ, ಅಷ್ಟು ಸಣ್ಣ ವ್ಯತ್ಯಾಸಕ್ಕೇ ಎರಡೂ ಒಂದಕ್ಕೊಂದು ಉಜ್ಜಿಕೊಂಡು ಸೌಂಡು ಉಸಿರಾಡೋಕೆ ಶುರು ಮಾಡುತ್ತೆ. ಫಿಲ್ಟರಿಗೆ ಲೋ ಪಾಸ್ ಗುಂಪಲ್ಲಿರೋ ವಿಂಟೇಜ್ ಲ್ಯಾಡರ್ ಆರಿಸಿ, ಕಟಾಫ್ (ಇದಕ್ಕಿಂತ ಮೇಲಿನ ಸೌಂಡ್ ಕತ್ತರಿಸೋ ಗಡಿ) 350 ಹರ್ಟ್ಸ್ ಹತ್ರ ಇಡಿ, ರೆಸೊನೆನ್ಸ್ (ಆ ಗಡಿ ಹತ್ರದ ಸೌಂಡನ್ನ ಎತ್ತಿ ತೋರಿಸೋದು) ಕಾಲು ಭಾಗ. ಆಮೇಲೆ ಫಿಲ್ಟರ್ ಎನ್ವಲಪ್ಪು, ಅಂದ್ರೆ ಸ್ವರ ಒತ್ತಿದ್ಮೇಲೆ ಫಿಲ್ಟರ್ ಹೆಂಗೆ ತೆರೆದು ಮುಚ್ಚಬೇಕು ಅನ್ನೋದು: ಅಟ್ಯಾಕ್ (ಏರೋ ಹೊತ್ತು) ಸೊನ್ನೆ, ಡಿಕೇ (ಇಳಿಯೋ ಹೊತ್ತು) 200 ಮಿಲಿಸೆಕೆಂಡು, ಸಸ್ಟೈನ್ (ಇಳಿದ್ಮೇಲೆ ನಿಲ್ಲೋ ಮಟ್ಟ) ಸೊನ್ನೆ. ಆ ಎನ್ವಲಪ್ಪು ಕಟಾಫನ್ನ ಎಷ್ಟು ಎತ್ತಬೇಕು ಅನ್ನೋದನ್ನ ಕಿವಿ ಕೇಳ್ಕೊಂಡು ಜಾಸ್ತಿ ಮಾಡ್ತಾ ಹೋಗಿ, ಒಂದು ಜಾಗದಲ್ಲಿ ಪ್ರತಿ ಸ್ವರವೂ 'ಡ್ಯೂ' ಅಂತ ಬಾಯಿ ತೆರೆದು ಮುಚ್ಚಿದ ಹಾಗೆ ಕೇಳುತ್ತೆ, ಅಲ್ಲಿ ನಿಲ್ಲಿಸಿ. ಪ್ಲೇ ಮೋಡ್ ಮೋನೋ (ಸಲಕ್ಕೆ ಒಂದೇ ಸ್ವರ) ಮಾಡೋದು ಮರೀಬೇಡಿ.

ಈಗ ಡಿಸ್ಕೋ ಹಾಡುಗಳ ಪ್ರೊಡ್ಯೂಸರ್ ಜಾರ್ಜಿಯೋ ಮೊರೋಡರ್ ಕಡೆಯ ಟ್ರಿಕ್ಕು, ಈ ಇಡೀ ಬರಹದಲ್ಲಿ ನೀವು ಒಂದನ್ನೇ ಮಾಡೋದಾದ್ರೆ ಇದನ್ನ ಮಾಡಿ. 1977ರಲ್ಲಿ ಅವರು ಡೊನ್ನಾ ಸಮ್ಮರ್ ಕೈಲಿ ಹಾಡಿಸಿದ 'ಐ ಫೀಲ್ ಲವ್' ಮ್ಯೂನಿಕ್‌ನಲ್ಲಿ ರೆಕಾರ್ಡ್ ಆಯ್ತು, ಬೀರುವಿನಷ್ಟು ದೊಡ್ಡ ಮೂಗ್ ಮಾಡ್ಯುಲರ್ ಸಿಂಥ್ ಇಟ್ಕೊಂಡು, ಅದರ ಶ್ರುತಿ ಕೆಲವೇ ಸೆಕೆಂಡಲ್ಲಿ ಜಾರ್ತಿತ್ತು, ಸ್ವಲ್ಪ ಸ್ವಲ್ಪ ರೆಕಾರ್ಡ್ ಮಾಡೋದು ಮತ್ತೆ ಟ್ಯೂನ್ ಮಾಡೋದು, ಹಿಂಗೇ ಸಾಗಿದೆ ಕೆಲಸ. ಆ ಬೇಸ್ ಅಷ್ಟು ಜೋರಾಗಿ ಓಡೋದಕ್ಕೆ ಕಾರಣ ಡಿಲೇ. ಬೇಸ್ ಒಂದು ಕಿವಿಯಲ್ಲಿ ನುಡಿಯುತ್ತೆ, ಅದರದ್ದೇ ಪ್ರತಿಧ್ವನಿ ಸರಿಯಾಗಿ ಸ್ವರಗಳ ಮಧ್ಯದ ಖಾಲಿ ಜಾಗಕ್ಕೆ ಇನ್ನೊಂದು ಕಿವಿಯಲ್ಲಿ ಬೀಳುತ್ತೆ, ಕೇಳೋರಿಗೆ ಎರಡು ಪಟ್ಟು ವೇಗ.

ನೀವು ಮಾಡ್ಬೇಕಾಗಿರೋದು: ಟೆಂಪೋ 120 ಇಡಿ, ಅಂದ್ರೆ ನಿಮಿಷಕ್ಕೆ 120 ಬೀಟು. ಒಂದು ಬೀಟಿಗೆ 500 ಮಿಲಿಸೆಕೆಂಡು. ಬೀಟಿಗೆ ಎರಡರಂತೆ ಸ್ವರ ಹಾಕಿ, ಅಂದ್ರೆ 250ಕ್ಕೊಂದು. ನಾನು ಹಾಕೋದು ಸ ಸ ಪ ಸ, ನಿ ಸ ಪ ಸ, ಎಂಟು ಸ್ವರ, ಸ ಅಂದ್ರೆ ಸಿ ಕೀ, ನಿ ಕೋಮಲ ಅಂದ್ರೆ ಬಿ ಫ್ಲಾಟ್. ಈಗ ಬೇಸ್ ಟ್ರ್ಯಾಕನ್ನ ಪೂರ್ತಿ ಎಡಕ್ಕೆ ತಿರುಗಿಸಿ, ಅದನ್ನ ಡೂಪ್ಲಿಕೇಟ್ ಮಾಡಿ ಬಲಕ್ಕೆ ಹಾಕಿ, ಬಲದ್ದಕ್ಕೆ 125 ಮಿಲಿಸೆಕೆಂಡು ಡಿಲೇ ಕೊಡಿ, ಫೀಡ್‌ಬ್ಯಾಕ್ (ಪ್ರತಿಧ್ವನಿ ಮತ್ತೆ ಮತ್ತೆ ಬರೋದು) ಸೊನ್ನೆ, ಡ್ರೈ (ತಡ ಆಗದ ಮೂಲ ಸೌಂಡು) ಸೊನ್ನೆ. ಪ್ಲೇ ಒತ್ತಿ. ನಾನು ಮೊದಲನೇ ಸಲ ಹಿಂಗೆ ಮಾಡ್ದಾಗ ರಾತ್ರಿ ಹನ್ನೊಂದೂವರೆ ಆಗಿತ್ತು, ಕುರ್ಚಿಯಿಂದ ಎದ್ದು ನಿಂತ್ಬಿಟ್ಟಿದ್ದೆ. ಬೇರೆ ಟೆಂಪೋ ಬೇಕು ಅಂದ್ರೆ ಲೆಕ್ಕ ಸುಲಭ, 60,000ನ ಟೆಂಪೋಯಿಂದ ಭಾಗಿಸಿ, ಬಂದಿದ್ದನ್ನ ನಾಲ್ಕರಿಂದ ಭಾಗಿಸಿ.

ಡ್ರಮ್ಮು

ಸ್ಯಾಂಪಲ್ ಪ್ಯಾಕ್ (ರೆಡಿಮೇಡ್ ಸೌಂಡುಗಳ ಗಂಟು) ಬೇಡ, ಒಂದು ಸಲನಾದ್ರೂ ನೀವೇ ಮಾಡಿ. ರೋಲಂಡ್ ಕಂಪನಿಯ ಟಿಆರ್-808 ಅನ್ನೋ ಡ್ರಮ್ ಮೆಷಿನ್ನು 1980ರಲ್ಲಿ ಬಂತು, 1983ಕ್ಕೆ ನಿಂತೂ ಹೋಯ್ತು, ಅದರಲ್ಲಿ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಒಂದೂ ಇರ್ಲಿಲ್ಲ, ಎಲ್ಲಾ ಸರ್ಕ್ಯೂಟಿಂದ ಹುಟ್ಟಿದ ಸೌಂಡು. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್ಮು) ಅಂದ್ರೆ ಒಂದು ಸೈನ್ ವೇವ್, ನುಣುಪಾದ ಅಲೆ, ಮೇಲಿಂದ ದಬಕ್ ಅಂತ 50 ಹರ್ಟ್ಸ್ ಹತ್ರ ಬೀಳ್ಬೇಕು, ಆ ಬೀಳೋದು 40-50 ಮಿಲಿಸೆಕೆಂಡಲ್ಲಿ ಮುಗೀಬೇಕು, ಆಮೇಲೆ ಅರ್ಧ ಸೆಕೆಂಡಲ್ಲಿ ಸಾಯ್ಬೇಕು. ಹೈಹ್ಯಾಟ್ (ಜೋಡಿ ಲೋಹದ ತಟ್ಟೆ) ಅಂದ್ರೆ ಬರೀ ನಾಯ್ಸು, ಸ್ಟೇಷನ್ ಸಿಗದ ರೇಡಿಯೋದ 'ಶ್' ಸದ್ದು, 7,000 ಹರ್ಟ್ಸ್‌ಗಿಂತ ಕೆಳಗಿರೋದೆಲ್ಲ ಕತ್ತರಿಸಿ, 50 ಮಿಲಿಸೆಕೆಂಡು ಅಷ್ಟೇ. ಸ್ನೇರ್ ('ಚಟ್' ಅನ್ನೋ ಡ್ರಮ್ಮು) ಅಂದ್ರೆ 190 ಹರ್ಟ್ಸ್ ಸ್ವರ ಒಂದು, ಅದರ ಮೇಲೆ ಸ್ವಲ್ಪ ನಾಯ್ಸ್. ಚಪ್ಪಾಳೆಗೆ ಅದೇ ನಾಯ್ಸನ್ನ 10 ಮಿಲಿಸೆಕೆಂಡ್ ಅಂತರದಲ್ಲಿ ಮೂರು ನಾಲ್ಕು ಸಲ ಕೊಡಿ, ಒಂದಷ್ಟು ಜನ ಸ್ವಲ್ಪ ಹಿಂದೆ ಮುಂದೆ ತಟ್ಟಿದ ಹಾಗೆ.

ಪ್ಯಾಟರ್ನ್ ಸಿಂಪಲ್ ಇಡಿ. ಕಿಕ್ ನಾಲ್ಕೂ ಬೀಟಿಗೆ, ಸ್ನೇರ್ ಎರಡು ಮತ್ತು ನಾಲ್ಕಕ್ಕೆ. ನಮ್ಮೋರಿಗೆ ಇಲ್ಲೊಂದು ಲಾಭ ಇದೆ, ತಾಳ ಹಾಕೋದು ಗೊತ್ತಿರುತ್ತೆ. ನಾಲ್ಕು ಬೀಟಿನ ಒಂದು ಸುತ್ತಿಗೆ ಬಾರ್ ಅಂತಾರೆ, ಅದರಲ್ಲಿ 16 ಸ್ಟೆಪ್ಪು. ಹೈಹ್ಯಾಟನ್ನ 16 ಸ್ಟೆಪ್ಪಿನ ಬದಲು 7 ಸ್ಟೆಪ್ಪಿಗೆ ಸುತ್ತೋ ಹಾಗೆ ಮಾಡಿ, ತಕಿಟ ತಕಧಿಮಿ, ಮಿಶ್ರ ಚಾಪು. ಕೆಳಗೆ ಕಿಕ್ಕು ಜರ್ಮನಿ ಥರ ನೆಟ್ಟಗೆ ಹೋಗ್ತಿರುತ್ತೆ, ಮೇಲೆ ಹೈಹ್ಯಾಟು ಜಾರ್ತಾ ಜಾರ್ತಾ ಹೋಗಿ ಸರಿಯಾಗಿ ಏಳು ಬಾರ್ ಆದ್ಮೇಲೆ ಮತ್ತೆ ಒಟ್ಟಿಗೆ ಬಂದು ಸೇರುತ್ತೆ. ಮೃದಂಗ ಕಲಿಯೋ ನನ್ನ ಕಸಿನ್ ಇದನ್ನ ಕೇಳಿ 'ಸಮಕ್ಕೆ ಬಂತು ನೋಡು' ಅಂತ ತೊಡೆ ಮೇಲೆ ಏಟು ಹಾಕ್ಕೊಂಡ, ಅವನಿಗೆ ಬೇರೆ ಏನೂ ಇಷ್ಟ ಆಗ್ಲಿಲ್ಲ ಆ ಹಾಡಲ್ಲಿ.

ಟ್ಯೂನು, ಒಂದೊಂದೇ ಎಳೆ

ಅಮೆರಿಕಾದ ಸಂಗೀತಗಾರ್ತಿ ವೆಂಡಿ ಕಾರ್ಲೋಸ್ 1968ರಲ್ಲಿ 'ಸ್ವಿಚ್ಡ್ ಆನ್ ಬಾಕ್' ಆಲ್ಬಂ ಮಾಡಿದಾಗ ಮೂಗ್ ಸಿಂಥಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರ್ತಿತ್ತು. ಹಂಗಾಗಿ ಹಳೇ ಜರ್ಮನ್ ಸಂಗೀತಗಾರ ಬಾಕ್‌ನ ಸಂಗೀತದ ಒಂದೊಂದು ಎಳೆನೂ ಬೇರೆ ಬೇರೆ ನುಡಿಸಿ, 8 ಟ್ರ್ಯಾಕ್ ಟೇಪಲ್ಲಿ ಒಂದರ ಮೇಲೊಂದು ಕೂರಿಸಿ, ತಿಂಗಳುಗಟ್ಟಲೆ ಕೂತು ಮಾಡಿದ್ದು. ಇದರಿಂದ ಕದಿಯೋ ರೀತಿ ಇಷ್ಟೇ: ಕಾರ್ಡ್ (ಒಟ್ಟಿಗೆ ಒತ್ತೋ ಸ್ವರಗಳ ಗುಂಪು) ಒತ್ತಬೇಡಿ. ಮೂರು ಸ್ವರದ ಕಾರ್ಡ್ ಬೇಕಾ, ಮೂರು ಟ್ರ್ಯಾಕ್ ತೆಗೀರಿ, ಮೂರಕ್ಕೂ ಸ್ವಲ್ಪ ಬೇರೆ ಬೇರೆ ಪ್ಯಾಚ್ ಕೊಡಿ, ಒಂದೊಂದನ್ನೂ ಕೈಯಲ್ಲೇ ನುಡಿಸಿ. ಆಗ ಒಂದೊಂದು ಎಳೆಗೂ ಸ್ವಂತ ಬುದ್ಧಿ ಬರುತ್ತೆ, ಹಾಡು ತುಂಬಿ ಕೇಳುತ್ತೆ. ಟೈಮ್ ಜಾಸ್ತಿ ಹಿಡಿಯುತ್ತೆ, ನಿಜ, ವೀಕೆಂಡ್ ಟ್ರಾಫಿಕ್ಕಲ್ಲಿ ಹೊರಗೆ ಹೋಗಿ ಏನ್ ಮಾಡ್ತೀರಾ ಹೇಳಿ.

ಯಾವ ಸ್ವರ ಅನ್ನೋದಕ್ಕೆ ನಮ್ಮ ದೇಶದೋರೇ ದಾರಿ ಹಾಕಿದಾರೆ. ಮುಂಬೈನಲ್ಲಿ ಸಿನಿಮಾ ಹಾಡುಗಳಿಗೆ ನುಡಿಸ್ತಿದ್ದ ಚರಣ್‌ಜೀತ್ ಸಿಂಗ್ ಅನ್ನೋರು 1982ರಲ್ಲಿ ರೋಲಂಡಿನ ಜುಪಿಟರ್-8 ಸಿಂಥು, ಟಿಬಿ-303 ಬೇಸ್ ಮೆಷಿನ್ನು, ಟಿಆರ್-808 ಮೂರನ್ನ ಜೋಡಿಸ್ಕೊಂಡು ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ನುಡಿಸಿ ಎಲ್‌ಪಿ ಮಾಡಿದ್ರು. ಆವಾಗ ಯಾರೂ ಕ್ಯಾರೇ ಅನ್ಲಿಲ್ಲ. ಐದಾರು ವರ್ಷ ಆದ್ಮೇಲೆ ಶಿಕಾಗೋದಲ್ಲಿ ಅದೇ 303 ತಿರುಚಿ ಆಸಿಡ್ ಹೌಸ್ ಅಂತ ಹೊಸಾ ಸಂಗೀತ ಹುಟ್ಟಿತು, 2010ರಲ್ಲಿ ಈ ಎಲ್‌ಪಿ ಮತ್ತೆ ಬಿಡುಗಡೆ ಆದಾಗ ಜಗತ್ತೇ ಬಾಯಿ ಬಿಟ್ಕೊಂಡು ನೋಡ್ತು. ಇನ್ನೂ ಹಿಂದಕ್ಕೆ ಹೋದ್ರೆ ಅಹಮದಾಬಾದಿನ ಎನ್‌ಐಡಿ ಅನ್ನೋ ಡಿಸೈನ್ ಕಾಲೇಜಲ್ಲಿ 1969ರಲ್ಲೇ ಒಂದು ಮೂಗ್ ಸಿಂಥ್ ಬಂದು ಕೂತಿತ್ತು. ಅದಕ್ಕೇ 'ಇದೆಲ್ಲ ಫಾರಿನ್ ಮ್ಯೂಸಿಕ್' ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರುತ್ತೆ.

ಶುರುವಿಗೆ ಐದು ಸ್ವರದ ರಾಗ ಹಿಡ್ಕೊಳಿ. ಮೋಹನ ಅಂದ್ರೆ ಸಿ ಡಿ ಇ ಜಿ ಎ, ಹಂಸಧ್ವನಿ ಅಂದ್ರೆ ಕೊನೇ ಎ ಬದಲು ಬಿ. ಹಂಸಧ್ವನಿ ಇಟ್ರೆ ಬೇಸಲ್ಲಿ ನಿ ಕೂಡ ಬಿ ಮಾಡ್ಕೋಬೇಕು, ಇಲ್ಲಾಂದ್ರೆ ಎರಡು ನಿಷಾದ ಜಗಳ ಆಡ್ತವೆ. ಮೋಹನ ಇಟ್ರೆ ನಿಷಾದವೇ ಇಲ್ಲ, ಬೇಸಿನ ನಿ ಜಾಗಕ್ಕೆ ದ ಹಾಕಿ. ಸೀಕ್ವೆನ್ಸರಲ್ಲಿ (ಸಾಲಾಗಿ ಜೋಡಿಸಿಟ್ಟ ಸ್ವರಗಳನ್ನ ತಾನೇ ನುಡಿಸೋದು) ಈ ಸ್ವರಗಳನ್ನ ಬರೀ ಕುಟ್ಟಿದ್ರೆ ರಿಂಗ್‌ಟೋನ್ ಆಗ್ಬಿಡುತ್ತೆ, ಪೋರ್ಟಮೆಂಟೋ ಅಂತ ನಾಬ್ ಇರುತ್ತೆ, ಅದನ್ನ 60-80 ಮಿಲಿಸೆಕೆಂಡಿಗೆ ಇಟ್ಟು, ಸರ್ಜಿನ ಪ್ಲೇ ಮೋಡನ್ನ 'ಮೋನೋ ಎಫ್‌ಪಿ' ಮಾಡಿ, ಜಾರಬೇಕಾದ ಕಡೆ ಮಾತ್ರ ಎರಡು ಸ್ವರ ಒಂದರ ಮೇಲೊಂದು ಸ್ವಲ್ಪ ಹತ್ತೋ ಹಾಗೆ ಹಾಕಿ, ಸಂಗೀತದ ಮೇಷ್ಟ್ರು ಜಾರು ಅಂತಾರಲ್ಲ, ಹೆಚ್ಚುಕಮ್ಮಿ ಅದೇ. ಪೂರ್ತಿ ಗಮಕ ಬರ್ಸೋಕೆ ಮಾತ್ರ ಹೋಗ್ಬೇಡಿ, ಮೆಷಿನ್ನು ಮೆಷಿನ್ ಥರ ಇರೋದೇ ಇಲ್ಲಿ ಚಂದ.

ಹಿಂದೆ ಮೋಡದ ಥರ ತೇಲೋ ಪ್ಯಾಡ್ ಬೇಕಲ್ಲ, ಅದಕ್ಕೆ ಜಾನ್ ಮಿಷೆಲ್ ಜಾರ್ 1976ರ 'ಆಕ್ಸಿಜೆನ್' ಕೇಳಿ, ಪ್ಯಾರಿಸ್ಸಿನ ತನ್ನ ಮನೇಲೇ ಕೂತು ಮಾಡಿದ್ದು. ಅದರಲ್ಲಿ ಹಾಯಾಗಿ ತೇಲೋ ಸ್ಟ್ರಿಂಗ್ಸ್ ಒಂದು ಎಮಿನೆಂಟ್ ಆರ್ಗನ್ನಿಂದ ಬಂದು ಗಿಟಾರಿಗೆ ಹಾಕೋ ಫೇಸರ್ ಪೆಡಲ್ (ಸೌಂಡನ್ನ ಅಲೆ ಅಲೆಯಾಗಿ ಸುತ್ತಿಸೋದು) ದಾಟಿ ಹೋಗಿರೋದು. ನೀವೂ ಯಾವುದಾದ್ರೂ ಸಪ್ಪೆ ಸ್ಟ್ರಿಂಗ್ ಸೌಂಡಿಗೆ ನಿಧಾನದ ಫೇಸರ್ ಹಾಕಿ, ಹತ್ತು ಸೆಕೆಂಡಿಗೊಂದು ಸುತ್ತು ಬರೋ ಹಾಗೆ. ಆಮೇಲೆ ಟಿಎಎಲ್ ಅನ್ನೋ ಸಾಫ್ಟ್‌ವೇರ್ ಕಂಪನಿಯದ್ದು ಫ್ರೀ ಕೋರಸ್ ಪ್ಲಗಿನ್ (ಒಂದೇ ಸೌಂಡನ್ನ ಹಲವರು ನುಡಿಸಿದಂಗೆ ಮಾಡೋದು) ಇದೆ, ಹಳೇ ರೋಲಂಡ್ ಜೂನೋದಲ್ಲಿದ್ದ ಕೋರಸ್ ಥರದ್ದು, ಅದನ್ನೂ ಹಾಕಿ. ಪ್ಯಾಡ್ ಬಗ್ಗೆ ಇದಕ್ಕಿಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ.

ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಲೋಟ ತನ್ನಿ

ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪಲ್ಲಿ ಡೀಲಿಯಾ ಡರ್ಬಿಶೈರ್ ಅನ್ನೋ ಹೆಣ್ಣುಮಗಳು 1963ರಲ್ಲಿ 'ಡಾಕ್ಟರ್ ಹೂ' ಸೀರಿಯಲ್ಲಿನ ಥೀಮ್ ಮಾಡಿದಾಗ ಅಂಗಡಿಯಲ್ಲಿ ಸಿಂಥಸೈಜರ್ ಅನ್ನೋ ವಸ್ತುವೇ ಸಿಗ್ತಿರ್ಲಿಲ್ಲ. ರಾನ್ ಗ್ರೇನರ್ ಬರೆದ ಟ್ಯೂನನ್ನ ಅವರು ಒಂದೊಂದು ಸ್ವರ ಬೇರೆ ಬೇರೆ ಟೇಪಲ್ಲಿ ಹಿಡಿದು, ಸ್ಪೀಡು ಹೆಚ್ಚುಕಮ್ಮಿ ಮಾಡಿ, ಬ್ಲೇಡಲ್ಲಿ ಕತ್ತರಿಸಿ, ಇಂಚಿಂಚು ಅಂಟಿಸಿ ಮಾಡಿದ್ದು. ಅವರಿಗೆ ತುಂಬಾ ಇಷ್ಟವಾದ ವಾದ್ಯ ಒಂದು ಹಳೇ ಹಸಿರು ಲ್ಯಾಂಪ್‌ಶೇಡ್, ತಟ್ಟಿದ್ರೆ ಗಂಟೆ ಥರ ಮೊಳಗ್ತಿತ್ತು. ನಮ್ಮನೇಲಿ ಲ್ಯಾಂಪ್‌ಶೇಡ್ ಎಲ್ಲಿಂದ ಬರ್ಬೇಕು, ಲೋಟ ಇದೆ, ಬೋಗುಣಿ ಇದೆ, ಇಡ್ಲಿ ತಟ್ಟೆ ಇದೆ.

ಫ್ಯಾನ್ ಆಫ್ ಮಾಡಿ, ಲೋಟನ ತುದಿ ಬೆರಳಲ್ಲಿ ಹಿಡಿದು ಚಮಚದಲ್ಲಿ ತಟ್ಟಿ, ಫೋನಲ್ಲಿ ರೆಕಾರ್ಡ್ ಮಾಡಿ. ಸೌಂಡ್ ಹುಟ್ಟೋ ಮೊದಲನೇ 'ಟಣ್' ಭಾಗ ಕತ್ತರಿಸಿ ಬಿಸಾಕಿ, ಬಾಲ ಮಾತ್ರ ಇಟ್ಕೊಳಿ, ಇದು ಲೋಟ ಅಂತ ಯಾರಿಗೂ ಗೊತ್ತಾಗಲ್ಲ. ಈಗ ಅರ್ಧ ಸ್ಪೀಡಿಗೆ ಇಳಿಸಿ. ಇಲ್ಲೊಂದು ಮುಖ್ಯ ವಿಷಯ, ರೀಪರಲ್ಲಿ ಐಟಂ ಪ್ರಾಪರ್ಟೀಸಿಗೆ ಹೋಗಿ 'ಪ್ರಿಸರ್ವ್ ಪಿಚ್' ಅನ್ನೋ ಟಿಕ್ ತೆಗೀಬೇಕು, ಆಗ ಮಾತ್ರ ಟೇಪ್ ಥರ ಸ್ಪೀಡು ಅರ್ಧ ಆದ್ರೆ ಶ್ರುತಿನೂ ಒಂದು ಸ್ಥಾಯಿ ಇಳಿಯುತ್ತೆ. ಕಾಲು ಸ್ಪೀಡಿಗೆ ಹೋದ್ರೆ ಲೋಟ ದೇವಸ್ಥಾನದ ಗಂಟೆ ಆಗಿ ಆಮೇಲೆ ಅಂತರಿಕ್ಷ ನೌಕೆ ಆಗುತ್ತೆ. ನಾನು ಇದನ್ನ ಹಾಲಲ್ಲಿ ಜೋರಾಗಿ ಪ್ಲೇ ಮಾಡ್ದಾಗ ಅಮ್ಮ ಒಳಗಿಂದ 'ಏನೋ ಅದು, ಮಿಕ್ಸಿ ಕೆಟ್ಟೋಯ್ತಾ' ಅಂದ್ರು.

ರೋಬೋ ಕನ್ನಡ ಮಾತಾಡ್ಬೇಕು

ವೊಕೋಡರ್ ಇಲ್ಲದೆ ಈ ಜಾತಿ ಹಾಡಿಗೆ ಅರ್ಥ ಇಲ್ಲ. ಇದನ್ನ ಕಂಡುಹಿಡಿದಿದ್ದು ಹಾಡಿಗಲ್ಲ ಟೆಲಿಫೋನಿಗೆ, ಅಮೆರಿಕಾದ ಬೆಲ್ ಲ್ಯಾಬ್ಸಲ್ಲಿ ಹೋಮರ್ ಡಡ್ಲಿ ಅನ್ನೋರು 1930ರ ದಶಕದಲ್ಲಿ ಮಾಡಿದ್ದು, ಎರಡನೇ ಮಹಾಯುದ್ಧದಲ್ಲಿ ಗುಟ್ಟಿನ ಮಾತುಕತೆಗೂ ಬಳಸಿದ್ರು. ಕೆಲಸ ಮಾಡೋ ರೀತಿ ಹಿಂಗೆ: ನಿಮ್ಮ ಮಾತನ್ನ ಕೆಳಗಿನ ಶ್ರುತಿಯಿಂದ ಮೇಲಿನವರೆಗೆ ಹಲವು ಪಟ್ಟಿಗಳಾಗಿ, ಅಂದ್ರೆ ಬ್ಯಾಂಡುಗಳಾಗಿ ಸೀಳುತ್ತೆ, ಯಾವ ಬ್ಯಾಂಡಲ್ಲಿ ಎಷ್ಟು ಸದ್ದಿದೆ ಅಂತ ಅಳೆಯುತ್ತೆ, ಅದೇ ಅಳತೆನ ಇನ್ನೊಂದು ಸೌಂಡಿನ ಮೇಲೆ ಒತ್ತುತ್ತೆ. ಆ ಇನ್ನೊಂದು ಸೌಂಡಿಗೆ ಕ್ಯಾರಿಯರ್ ಅಂತಾರೆ. ಮಾತು ನಿಮ್ಮದು, ಗಂಟಲು ಮೆಷಿನ್ದು.

ಸರ್ಜ್ ಒಳಗೇ ವೊಕೋಡರ್ ಎಫೆಕ್ಟ್ ಇದೆ, ಟಿಎಎಲ್ ಅವರದ್ದೂ ಒಂದು ಫ್ರೀ ಇದೆ. ಬ್ಯಾಂಡ್ 16ರಿಂದ ಶುರು ಮಾಡಿ, ಕಮ್ಮಿ ಮಾಡಿದಷ್ಟೂ ಹಳೇ ರೋಬೋ, ತೀರಾ ಕಮ್ಮಿ ಮಾಡಿದ್ರೆ ಏನ್ ಹೇಳ್ತಿದೆ ಅಂತಲೇ ತಿಳಿಯಲ್ಲ. ಕ್ಯಾರಿಯರಿಗೆ ಎಲ್ಲರೂ ಸಾ ವೇವ್ ಕಾರ್ಡ್ ಹಾಕ್ತಾರೆ. ನನ್ನ ಸಲಹೆ ಬೇರೆ, ಮನೇಲಿ ಎಲೆಕ್ಟ್ರಾನಿಕ್ ತಂಬೂರಿ ಇದ್ಯಾ ನೋಡಿ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ಜಿ. ರಾಜ್ ನಾರಾಯಣ್ ಅವರು ಕಟ್ಟಿದ ರೇಡೆಲ್ ಬೆಂಗಳೂರಿನದ್ದೇ ಕಂಪನಿ, ಸಂಗೀತ ಕಲಿಯೋರ ಮನೇಲೆಲ್ಲ ಅವರ ಪೆಟ್ಟಿಗೆ ಒಂದಾದ್ರೂ ಕಾಣುತ್ತೆ, ನನ್ನ ಪ್ರಕಾರ ನಮ್ಮೂರಿನ ಸಿಂಥ್ ಪಯೋನಿಯರ್ ಅಂದ್ರೆ ಅವರೇ. ವೊಕೋಡರಿಗೆ ಬೇಕಾಗಿರೋದು ಕೆಳಗಿಂದ ಮೇಲಿನವರೆಗೆ ಹಾರ್ಮೋನಿಕ್ಸ್ (ಒಂದು ಸ್ವರದ ಜೊತೆಗೇ ಮೇಲೆ ಕೇಳೋ ಸಣ್ಣ ಸ್ವರಗಳು) ತುಂಬಿರೋ ಸೌಂಡು, ತಂಬೂರಿ ಅಂದ್ರೆ ಅದೇ ತಾನೆ. ಪ ಸ ಸ ಸ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡ್ಕೊಂಡು ಕ್ಯಾರಿಯರ್ ಜಾಗಕ್ಕೆ ಕೂರಿಸಿ, ಶ್ರುತಿನ ಹಾಡಿನ ಶ್ರುತಿಗೆ ಸೇರಿಸಿರಬೇಕು ಅಷ್ಟೇ. ತಂಬೂರಿನೇ ಕನ್ನಡ ಮಾತಾಡುತ್ತೆ. ಮೈ ಜುಮ್ ಅನ್ನುತ್ತೆ.

ಸಾಹಿತ್ಯ ಹೆಂಗಿರಬೇಕು? ಚಿಕ್ಕದು, ಒಣಗಿದ್ದು, ಬೋರ್ಡಲ್ಲಿ ಬರೆದಂಗೆ. ಪ್ರೀತಿ ವಿರಹ ಚಂದಿರ ಬೇಡ, ಅದಕ್ಕೆ ಬೇಕಾದಷ್ಟು ಜನ ಇದಾರೆ. ನನ್ನ ಸಿಗ್ನಲ್ ಹಾಡು ಇಷ್ಟೇ:

ಸಿಗ್ನಲ್ ಕೆಂಪು
ಸಿಗ್ನಲ್ ಹಸಿರು
ಸಿಲ್ಕ್ ಬೋರ್ಡಲ್ಲಿ
ನಿಂತಿದೆ ಉಸಿರು

ಕನ್ನಡ ವೊಕೋಡರಿಗೆ ಹೇಳಿ ಮಾಡಿಸಿದ ಭಾಷೆ, ಹೆಚ್ಚಿನ ಪದ ಅ ಇ ಉ ಥರದ ಸ್ವರಾಕ್ಷರದಲ್ಲೇ ಮುಗಿಯುತ್ತೆ, 'ಹಸಿರೂಊಊ' ಅಂತ ಎಳೆದ್ರೆ ಮೆಷಿನ್ನಿಗೆ ಹಾಡೋಕೆ ಜಾಗ ಸಿಗುತ್ತೆ. ಕಷ್ಟ ಬರೋದು ವ್ಯಂಜನಗಳಲ್ಲಿ. ಸ ಶ ಚ ಇವೆಲ್ಲ ಬರೀ ಗಾಳಿ, ಕ್ಯಾರಿಯರಲ್ಲಿ ಗಾಳಿ ಇಲ್ಲಾಂದ್ರೆ ಕೇಳಲ್ಲ, ಅದಕ್ಕೆ ಕ್ಯಾರಿಯರ್ ಜೊತೆ ಚೂರು ನಾಯ್ಸ್ ಬೆರೆಸಿ. ಇನ್ನು ಳ ಮತ್ತೆ ಲ ಎರಡೂ ಒಂದೇ ಆಗ್ಬಿಡುತ್ತೆ, ನಾನು ಒಂದು ಹಾಡಲ್ಲಿ ಮಾರತ್ತಹಳ್ಳಿ ಅಂತ ಹಾಡಿಸಿದ್ರೆ ರೋಬೋ 'ಮಾರತ್ತಹಲ್ಲಿ' ಅಂತು, ಊರಿಗೆ ಹೊಸದಾಗಿ ಬಂದೋರ ಥರ. ಒಂದೋ ಳ ಬರೋ ಕಡೆ ನಾಲಿಗೆ ಮಡಚಿ ಎರಡರಷ್ಟು ಒತ್ತಿ ಹೇಳಿ, ಇಲ್ಲಾ ಪದನೇ ಬದಲಾಯಿಸಿ. ರೆಕಾರ್ಡ್ ಮಾಡೋವಾಗ ಹಾಡಬೇಡಿ, ಮಾತಾಡಿ, ಅದೂ ಮೆಟ್ರೋದಲ್ಲಿ ಅಪರ್ಣಾ ಅವರ ಅನೌನ್ಸ್‌ಮೆಂಟ್ ಕೇಳ್ತೀವಲ್ಲ, ಅಷ್ಟು ಸ್ಪಷ್ಟವಾಗಿ, ಒಂದೊಂದು ಅಕ್ಷರಾನೂ ಬಿಡಿಸಿಟ್ಟ ಹಾಗೆ. ಆ ದನಿನೇ ಫೋನಲ್ಲಿ ರೆಕಾರ್ಡ್ ಮಾಡಿ ಹಾಡಿಗೆ ಹಾಕೋ ಐಡಿಯಾ ಎಲ್ಲರಿಗೂ ಬರುತ್ತೆ, ನಂಗೂ ಬಂದಿತ್ತು. ಬೇಡ. 2024ರಲ್ಲಿ ತೀರ್ಕೊಂಡವರ ದನಿ ಅದು, ಕೇಳದೆ ತಗೊಂಡು ರೋಬೋ ಮಾಡೋದು ಸರಿ ಕಾಣಲ್ಲ. ನಿಮ್ಮ ಸ್ವಂತ ಗಂಟಲೇ ಇದೆಯಲ್ಲ.

ಜೋಡಿಸೋದು, ಕಳಿಸೋದು

ಎಂಟು ಟ್ರ್ಯಾಕ್. ಅಷ್ಟರಲ್ಲೇ ಮುಗಿಸಿ. ಬೇಸ್ ಎರಡು, ಡ್ರಮ್ಮನ್ನೆಲ್ಲ ಸೇರಿಸಿ ಒಂದು, ಟ್ಯೂನಿನ ಎಳೆ ಮೂರು, ಲೋಟ ಒಂದು, ರೋಬೋ ಒಂದು. ಪ್ಯಾಡಿಗೆ ಜಾಗ ಇಲ್ವಲ್ಲ ಅಂತೀರಾ, ಟ್ಯೂನಿನ ಒಂದು ಎಳೆ ತೆಗೆದು ಅಲ್ಲಿ ಕೂರಿಸಿ, ಯಾವ್ದು ಮುಖ್ಯ ಅಂತ ಆಗ ಗೊತ್ತಾಗುತ್ತೆ. ಕಿಕ್ ನಡುವಲ್ಲೇ ಇರ್ಲಿ. ಬೇಸನ್ನ ಎಡ ಬಲ ಹಂಚಿದೀವಲ್ಲ, 120 ಹರ್ಟ್ಸ್‌ಗಿಂತ ಕೆಳಗಿನದ್ದು ಮಾತ್ರ ಎರಡೂ ಕಡೆ ಒಂದೇ ಥರ ಬರೋ ಹಾಗೆ ಮೋನೋ ಮಾಡ್ಬಿಡಿ, ಇಲ್ಲಾಂದ್ರೆ ಆಟೋದ ಹಿಂದಿನ ಸ್ಪೀಕರಲ್ಲಿ ಬೇಸ್ ಒಂದು ಕಡೆಯಿಂದ ಒದೆಯುತ್ತೆ. ಸರ್ಜಲ್ಲಿ ಆಸಿಲೇಟರ್ ಡ್ರಿಫ್ಟ್ ಅಂತ ಒಂದು ಸ್ಲೈಡರ್ ಇದೆ, ಅದನ್ನ ಚೂರು ಮೇಲೆತ್ತಿ, ಬಿಸಿಗೆ ಶ್ರುತಿ ಜಾರ್ತಿದ್ದ ಹಳೇ ಮೆಷಿನ್ನಿನ ಮುದ್ದಾದ ರೋಗ ಅದು. ಚೂರು ಅಂದ್ರೆ ಚೂರು.

ಹಾರ್ಡ್‌ವೇರ್ ಇಟ್ಕೊಂಡಿರೋರಿಗೆ 'ಗುಂಯ್' ಅನ್ನೋ ಸೌಂಡು ಕಾಟ ಕೊಡುತ್ತೆ. ನಮ್ಮ ಕರೆಂಟು 50 ಹರ್ಟ್ಸು, ಕೀಬೋರ್ಡಿನ ಕೆಳಗಿನ ಜಿ ಸ್ವರ 49 ಹರ್ಟ್ಸು, ಅಂದ್ರೆ ಹಾಡು ಜಿ ಶ್ರುತಿಯಲ್ಲಿದ್ರೆ ಗುಂಯ್ ಕೂಡ ಹೆಚ್ಚುಕಮ್ಮಿ ಶ್ರುತಿಯಲ್ಲೇ ಇರುತ್ತೆ, ನಾನು ಒಂದು ಸಲ ಸರಿ ಮಾಡೋಕಾಗದೆ ಹಾಡನ್ನೇ ಜಿಗೆ ಇಳಿಸಿದ್ದೆ. ಸರಿಯಾದ ದಾರಿ ಅಂದ್ರೆ ಎಲ್ಲಾನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕೋದು, ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡೋದು, ಮನೇಲಿ ಅರ್ಥಿಂಗ್ ಸರಿ ಇದೆಯಾ ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡ್ಸೋದು. ಮೂರನೇ ಪಿನ್ ಕಿತ್ತಾಕಿದ್ರೆ ಸರಿಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಶಾಕ್ ಹೊಡೆದು ಜೀವ ಹೋಗೋ ವಿಷಯ.

ಮಿಕ್ಸ್ ಆಯ್ತು ಅನ್ಸಿದ್ಮೇಲೆ ಫೋನಿಗೆ ಹಾಕ್ಕೊಂಡು ಸಂಜೆ ಹೊತ್ತು ನಾಗಸಂದ್ರ ಕಡೆ ಹೋಗೋ ಮೆಟ್ರೋ ಹತ್ತಿ, ಯಶವಂತಪುರ ದಾಟಿದ್ಮೇಲೆ ಕಿಟಕಿ ಪಕ್ಕ ನಿಂತ್ಕೊಂಡು ಪ್ಲೇ ಮಾಡಿ. ರೈಲಿನ ಸದ್ದಿನ ಮೇಲೂ ರೋಬೋ ಹೇಳಿದ್ದು ಅರ್ಥ ಆದ್ರೆ ಮಿಕ್ಸ್ ಪಾಸು. ಅರ್ಥ ಆಗ್ಲಿಲ್ಲ ಅಂದ್ರೆ ಪೀಣ್ಯದಲ್ಲಿ ಇಳಿದು ಒಂದು ಕಾಫಿ ಕುಡಿದು ವಾಪಸ್ ಬನ್ನಿ, ರೋಬೋನ ಎರಡು ಡಿಬಿ ಏರಿಸಿ, ಪ್ಯಾಡನ್ನ ಮೂರು ಡಿಬಿ ಇಳಿಸಿ, ನಾಳೆ ಮತ್ತೆ ಅದೇ ರೈಲು.